ಅತ್ತೆಯ ಹಲ್ಲು ದಾರೀಲಿದೆ

ಪಾರ್ಸಲ್ ವಿಷಯದಲ್ಲಿ ನನಗೆ ಆಗೋದೆಲ್ಲ ಹೀಗೇ ನೋಡಿ. ಬೇರೆಯವರ ಪಾರ್ಸಲ್ಲು ತಾನಾಗಿ ಬಂದು ಬಾಗಿಲು ತಟ್ಟುತ್ತೆ. ನಮ್ಮದು ಮಾತ್ರ ಊರೆಲ್ಲ ಸುತ್ತಿ, ನನ್ನ ಜೀವ ಹಿಂಡಿ, ಆಮೇಲೆ ಬರುತ್ತೆ. ನಾನು ಮೊದಲೇ ಪುಕ್ಕಲ. ಹೇಳಿಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ಕರೆಂಟು ಹೋದರೆ ಕತ್ತಲೆಯ ಹೆದರಿಕೆ, ಬಂದರೆ ಬಿಲ್ಲಿನ ಹೆದರಿಕೆ. ಆದರೆ ಇವೆಲ್ಲಕ್ಕಿಂತ ದೊಡ್ಡ ಹೆದರಿಕೆಯೊಂದು ನಮ್ಮ ಮನೆಯೊಳಗೇ ಇದೆ. ಅದು ನನ್ನ ಹೆಂಡತಿಯ ತಾಯಿ, ನಮ್ಮತ್ತೆ.

ನಮ್ಮ ಮಾವ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಅವರನ್ನ ಕಂಡರೆ ಇಡೀ ಶಾಪು ನಡುಗುತ್ತಿತ್ತಂತೆ. ಮನೆಗೆ ಬಂದಮೇಲೆ ಅವರು ನಡುಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಬಾಗಲಗುಂಟೆಯ ನಮ್ಮ ಮನೆಗೆ ಬಂದರು, ಆ ಕೆಲಸ ನನಗೆ ಬಂತು.

ದಾರೀಲಿದೆ

ಆ ಸಲ ಅತ್ತೆ ದಾವಣಗೆರೆಗೆ, ಚಿಕ್ಕ ಮಗಳ ಮನೆಗೆ ಹೋಗಿದ್ದರು. ವಾಪಸ್ ಬರೋ ದಿನ ಊಟ ಮುಗಿಸಿ, ಹಲ್ಲಿನ ಸೆಟ್ಟು ತೆಗೆದು ತೊಳೆದು ಡಬ್ಬಿಯಲ್ಲಿಟ್ಟು, ಆಟೋ ಬಂತು ಅನ್ನೋ ಗಡಿಬಿಡಿಯಲ್ಲಿ ಡಬ್ಬಿಯನ್ನ ಅಲ್ಲೇ ಮರೆತರು. ರೈಲಿನಲ್ಲಿ ಕಡಲೆಕಾಯಿ ಬಾಯಿಗೆ ಹಾಕಿಕೊಂಡಾಗಲೇ ಗೊತ್ತಾಗಿದ್ದು. ಚಿಕ್ಕಬಾಣಾವರ ಸ್ಟೇಷನ್ನಿಗೆ ಕರೆದುಕೊಂಡು ಬರೋಕೆ ಹೋದರೆ, ಸೆರಗನ್ನ ಬಾಯಿಗೆ ಅಡ್ಡ ಹಿಡಿದು ಇಳಿದರು. ಮಾತಿಲ್ಲ ಕತೆಯಿಲ್ಲ. ಅತ್ತೆ ಮಾತಾಡಿದರೆ ಹೆದರಿಕೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಮಾತಾಡದಿದ್ದರೆ ಎಷ್ಟು ಹೆದರಿಕೆ ಅಂತ ಅವತ್ತು ಗೊತ್ತಾಯ್ತು.

ಮನೆಗೆ ಬಂದವರೇ ಕೋಣೆ ಸೇರಿಕೊಂಡು ಕೈಯಲ್ಲೊಂದು ಸ್ಟೀಲ್ ಲೋಟ ಹಿಡಿದರು. ಲೋಟವನ್ನ ಒಂದು ಸಲ ಕುಟ್ಟಿದರೆ ಕಾಫಿ. ಎರಡು ಸಲ ಕುಟ್ಟಿದರೆ ಮಗಳು ಬರಬೇಕು, ಅವಳ ಕಿವಿಯಲ್ಲಿ ಮಾತ್ರ ಪಿಸುಗುಡೋರು. ನಿಲ್ಲಿಸದೆ ಕುಟ್ಟಿದರೆ ಅದು ನನಗೆ.

ಬರೀ ಹಲ್ಲಿನ ಮಾತಾಗಿದ್ದರೆ ಹೇಗೋ ಆಗಿರೋದು. ಆ ಭಾನುವಾರವೇ ನನ್ನ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರೋರಿದ್ದರು. ಸಂಬಂಧ ಹುಡುಕಿದ್ದೇ ಅತ್ತೆ. ಹುಡುಗ ಒಳ್ಳೆಯವನು, ಮಗಳಂತೂ ಅವನ ಫೋಟೋ ಬಂದಾಗಿನಿಂದ ಫೋನ್ ಕೆಳಗಿಟ್ಟಿರಲಿಲ್ಲ. ಆದರೆ ಹುಡುಗನ ತಾಯಿ ಮೊದಲೇ ಹೇಳಿದ್ದರು, "ನಿಮ್ಮ ಮನೆ ಹಿರಿಯರು ಕೂತು ಮಾತಾಡಿದ್ರೇ ಮುಂದಿನ ಮಾತು." ಇತ್ತ ನಮ್ಮ ಮನೆ ಹಿರಿಯರು ಒಳಗಿಂದ ಹೇಳಿ ಕಳಿಸಿದರು. ಕಳಿಸಿದ ಮಾತು ತಂದವಳು ನನ್ನ ಹೆಂಡತಿ.

"ಏನ್ರೀ, ಹಲ್ಲು ಬರದೇ ಇದ್ರೆ ಅಮ್ಮ ಹಜಾರಕ್ಕೆ ಬರಲ್ವಂತೆ. ಅವರಿಗೆ ಬರೋದೇ ಬೇಡ ಅಂತ ಫೋನ್ ಮಾಡಿ ಅಂತಿದಾರೆ."

"ಮುಂದಿನ ವಾರ ಬನ್ನಿ ಅಂದ್ರೆ?"

"ಮುಂದಿನ ವಾರ ಆಷಾಢ ಕಣ್ರೀ. ಅದು ಮುಗಿಯೋವರೆಗೂ ಅವರು ಸುಮ್ನೆ ಕೂತಿರ್ತಾರಾ? ಇನ್ನೊಂದು ಹೆಣ್ಣು ಕೂಡ ನೋಡಿಟ್ಟಿದಾರಂತೆ."

ಹೊಸ ಸೆಟ್ಟು ಮಾಡಿಸೋಣ ಅಂದರೆ ಹಲ್ಲಿನ ಡಾಕ್ಟರು ವಾರಗಟ್ಟಲೆ ಆಗುತ್ತೆ ಅಂದರು. ನಾದಿನಿ ಮಾರನೇ ದಿನವೇ ಡಬ್ಬಿಯನ್ನ ಕೊರಿಯರ್ ಮಾಡಿ ನಂಬರ್ ಕಳಿಸಿದಳು. ಸಾಯಂಕಾಲ ನನ್ನ ಫೋನಿಗೆ ಮೆಸೇಜು ಬಂತು: 'ಇನ್ ಟ್ರಾನ್ಸಿಟ್.'

"ಏನಂತೆ?" ಅಂದಳು ಹೆಂಡತಿ.

"ದಾರೀಲಿದೆಯಂತೆ."

"ಒಳ್ಳೇದಾಯ್ತಲ್ಲ! ಅದಕ್ಯಾಕೆ ಹೀಗೆ ಬೆವರ್ತಿದೀರಾ?"

ಬೆವರದೆ ಏನು ಮಾಡಲಿ? ನಾನು ಪೀಣ್ಯದಲ್ಲಿ ಪಂಪು ಮಾಡೋ ಒಂದು ಕಾರ್ಖಾನೆಯ ಡಿಸ್ಪ್ಯಾಚ್‌ನಲ್ಲಿದ್ದೀನಿ. ಡಬ್ಬ ಕಟ್ಟಿಸೋದು, ಲೇಬಲ್ ಅಂಟಿಸೋದು, ಲಾರಿಗೆ ಹತ್ತಿಸೋದು, ಮಾಲು ಯಾಕೆ ಬಂದಿಲ್ಲ ಅಂತ ಫೋನಿನಲ್ಲಿ ಕೂಗಾಡೋರಿಗೆ ಸಮಾಧಾನ ಹೇಳೋದು, ಎಲ್ಲ ನನ್ನ ಕೆಲಸ. ಆ ಸಮಾಧಾನಕ್ಕೆ ನಮ್ಮಲ್ಲಿರೋದು ಒಂದೇ ಮಾತು. "ದಾರೀಲಿದೆ ಸಾರ್." ಪಂಪಿಗೆ ಇನ್ನೂ ಬಣ್ಣ ಬಳೀತಿರಲಿ, ದಾರೀಲಿದೆ. ಡಬ್ಬ ನನ್ನ ಟೇಬಲ್ ಕೆಳಗೇ ಇರಲಿ, ಅದರ ಮೇಲೆ ಕಾಲು ಚಾಚಿಕೊಂಡೇ ನಾನು ಮಾತಾಡ್ತಿರಲಿ, ದಾರೀಲಿದೆ. ಇದು ಸುಳ್ಳಲ್ಲ ಸ್ವಾಮಿ, ಪದ್ಧತಿ. ದಾವಣಗೆರೆಯಲ್ಲಿ ಯಾರು ನಮ್ಮತ್ತೆ ಹಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಾರೋ ಅಂತ ನನಗೆ ಅನ್ನ ಸೇರಲಿಲ್ಲ.

ಗಾಜಿನ ಲೋಟದ ಗುರುತು

ಬೆಳಗ್ಗೆ ಕೆಲಸಕ್ಕೆ ಹೋದವನೇ ನಾದಿನಿಗೆ ಫೋನ್ ಮಾಡಿದೆ. "ಡಬ್ಬದ ಮೇಲೆ ಏನು ಲೇಬಲ್ ಹಾಕಿಸಿದೆಯಮ್ಮ?"

"ಭಾವ, ಕೌಂಟರಿನೋನು ಒಳಗೇನಿದೆ ಅಂತ ಜೋರಾಗಿ ಕೇಳಿದ. ಹಿಂದೆ ನಮ್ಮ ಬೀದಿಯೋರೇ ನಿಂತಿದ್ರು. ಅಮ್ಮನ ಹಲ್ಲು ಅಂತ ಹೇಗೆ ಹೇಳ್ಲಿ? ದೇವರ ಸಾಮಾನು ಅಂದ್ಬಿಟ್ಟೆ. ಅವನು ಹಾಗೇ ದಪ್ಪಕ್ಷರದಲ್ಲಿ ಬರೆದ. ವಿಳಾಸದ ಕೆಳಗೆ, ಅಮ್ಮನ ಗುಡಿ ಹತ್ತಿರ ಅಂತಲೂ ಬರೆಸಿದೀನಿ, ಹುಡುಕೋರಿಗೆ ಸುಲಭ ಆಗ್ಲಿ ಅಂತ."

"ಗಾಜಿನ ಲೋಟದ ಚಿತ್ರ ಇರುತ್ತಲ್ಲ, ಅದನ್ನ ಅಂಟಿಸಿದಾರಾ?"

"ಎರಡೆರಡು ಅಂಟಿಸಿದಾರೆ ಭಾವ."

ಸ್ವಲ್ಪ ಧೈರ್ಯ ಬಂತು. ಆ ಚಿತ್ರ ಅಂಟಿಸಿದರೆ ಒಳಗಿರೋದು ಒಡೆಯೋ ಸಾಮಾನು, ಹುಷಾರಾಗಿ ಹಿಡೀರಿ ಅಂತ ಅರ್ಥ. ನಾನೇ ದಿನಾ ರೋಲುಗಟ್ಟಲೆ ಅಂಟಿಸೋನು. ಆದರೂ ಮನಸ್ಸು ತಡೀಲಿಲ್ಲ, ನಮ್ಮ ಲೋಡಿಂಗ್ ಮೇಸ್ತ್ರಿಯನ್ನ ಕೇಳೇಬಿಟ್ಟೆ. ಬಾಗಲಕೋಟೆ ಕಡೆಯವನು, ನಮ್ಮ ಬೀದಿಯ ಹಿಂದೆಯೇ ಬಾಡಿಗೆ ರೂಮು ಮಾಡಿಕೊಂಡಿದ್ದಾನೆ.

"ಲೋಟದ ಚಿತ್ರ ಇರೋ ಡಬ್ಬಾನ ನೀವು ಜೋಪಾನವಾಗಿ ನೋಡ್ಕೋತೀರಿ ತಾನೇ?"

"ಭಾಳ ಜ್ವಾಕಿ ಮಾಡ್ತೀವ್ರಿ ಸರ. ಅದನ್ನ ಎಲ್ಲಾದಕ್ಕಿಂತ ಮ್ಯಾಲ ಇಡ್ತೀವ್ರಿ."

ಉಸಿರು ಬಿಟ್ಟೆ. "ಮೇಲೆ ಯಾವುದೂ ಬೀಳದೇ ಇರಲಿ ಅಂತ, ಅಲ್ವಾ?"

"ಹಂಗೇನಿಲ್ರಿ. ಲಾರ್‍ಯಾಗ ಚಾ ಬರ್ತದಲ್ರಿ, ಗ್ಲಾಸ್ ಎಲ್ಲಿ ಇಡಬೇಕು ಅಂತ ನೀವ ಚಿತ್ರ ಹಚ್ಚಿ ತೋರ್ಸಿರ್ತೀರಿ. ಅದರ ಬಾಜೂಕ ನಾವು ಕುಂದರ್ತೀವಿ!"

ಯಾವ ದೇವರು?

ಗುರುವಾರ ಮೆಸೇಜು ಬಂತು: 'ಮಿಸ್‌ರೂಟೆಡ್.' ಅಂದರೆ ದಾರಿ ತಪ್ಪಿ ಬೇರೆ ಕಡೆ ಹೋಗಿದೆ ಅಂತ. ಆಫೀಸಿನ ಕಂಪ್ಯೂಟರಿನಲ್ಲಿ ನಂಬರ್ ಹಾಕಿ ನೋಡಿದೆ. ನಮ್ಮ ಹಲ್ಲು ದಾವಣಗೆರೆಯಿಂದ ತುಮಕೂರು ರಸ್ತೆಯಲ್ಲಿ ಬಂದು, ನನ್ನ ಕಾರ್ಖಾನೆಯ ಹತ್ತಿರವೇ ಹಾದು, ಊರಿನ ಆ ತುದಿಯ ಜಿಗಣಿಗೆ ಹೋಗಿ ಕೂತಿತ್ತು. ಅರ್ಧ ದಿನ ರಜ ಹಾಕಿ ಬಸ್ಸು ಹತ್ತಿದೆ, ಬಸ್ಸು ಬದಲಾಯಿಸಿದೆ, ಮತ್ತೆ ಬದಲಾಯಿಸಿದೆ. ದಾರಿಯುದ್ದಕ್ಕೂ ಎದುರಿಗೆ ಬರೋ ಒಂದೊಂದು ಕೊರಿಯರ್ ವ್ಯಾನನ್ನೂ ಕಳ್ಳನನ್ನ ನೋಡೋ ಹಾಗೆ ನೋಡುತ್ತಾ ಹೋದೆ.

ಜಿಗಣಿಯ ಆ ಗೋಡೌನಿನ ಕೌಂಟರಿನಲ್ಲಿದ್ದವನು ನಂಬರ್ ಒತ್ತಿ ನೋಡಿದ. "ಈಗ ತಾನೆ ಪೀಣ್ಯಕ್ಕೆ ಹೊರಡ್ತು ಸಾರ್. ನೀವು ಬರೋವಾಗ ಎದುರಿಗೇ ಹೋಗಿರುತ್ತೆ."

ಹೊರಡ್ತು ಅಂದರೆ ನಾನು ನಂಬ್ತೀನಾ? ದಿನಾ ನಾನು ಹೇಳೋ ಮಾತದು. "ದಮ್ಮಯ್ಯ, ಒಂದ್ಸಲ ಒಳಗೆ ನೋಡಿಬಿಡಿ ಸಾರ್" ಅಂದೆ.

"ಒಳಗೆ ರಾಶಿ ಇದೆ. ನಿಮ್ಮದರಲ್ಲಿ ಏನಿದೆ ಹೇಳಿ, ಹುಡುಕ್ತೀನಿ."

ನನ್ನ ಹಿಂದೆ ದೊಡ್ಡ ಸಾಲು. ಎಲ್ಲರೂ ಕಿವಿ ಇತ್ತಲೇ ಕೊಟ್ಟಿದ್ದಾರೆ. "ದೇವರ ಸಾಮಾನು" ಅಂದೆ.

"ಯಾವ ದೇವರು ಸಾರ್?"

ಗಾಬರಿಯಲ್ಲಿ ನನ್ನ ಬಾಯಿಂದ ಏನು ಬಂತು ಗೊತ್ತಾ? "ನಮ್ಮತ್ತೆ" ಅಂದ್ಬಿಟ್ಟೆ.

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕೌಂಟರಿನವನು ನಗಲಿಲ್ಲ. ಎದ್ದು ಬಂದು, ನನ್ನನ್ನ ಸ್ಟೂಲಿನ ಮೇಲೆ ಕೂರಿಸಿ, ಕುಡಿಯೋಕೆ ನೀರು ಕೊಟ್ಟ. ಅವನಿಗೂ ಮದುವೆಯಾಗಿತ್ತು ಅಂತ ಕಾಣುತ್ತೆ.

ರಾಹುಕಾಲ

ಜಿಗಣಿಯವನು ಹೇಳಿದ್ದು ನಿಜವೇ ಆಗಿತ್ತು. ಶುಕ್ರವಾರ ಬೆಳಗ್ಗೆ 'ಔಟ್ ಫಾರ್ ಡೆಲಿವರಿ' ಅಂತ ಬಂತು. ಪಾರ್ಸಲ್ಲು ಪೀಣ್ಯದಿಂದ ಹೊರಟು ನಮ್ಮ ಮನೆ ಕಡೆಗೇ ಬರ್ತಾ ಇದೆ! ಖುಷಿಯಲ್ಲಿ ಕ್ಯಾಂಟೀನಿನಲ್ಲಿ ಮೇಸ್ತ್ರಿಗೂ ಒಂದು ಚಾ ಕೊಡಿಸಿದೆ. ಲೋಟವನ್ನ ಟೇಬಲ್ ಮೇಲೇ ಇಡಪ್ಪ ಅಂತಲೂ ಹೇಳಿದೆ. ಅಷ್ಟರಲ್ಲಿ ಇನ್ನೊಂದು ಮೆಸೇಜು: 'ಕನ್ಸೈನೀ ರೆಫ್ಯೂಸ್ಡ್.' ಪಾರ್ಸಲ್ಲು ತಗೋಬೇಕಾದವರೇ ಬೇಡ ಅಂದಿದ್ದಾರೆ!

ಜೀವ ಬಾಯಿಗೆ ಬಂತು. ಕೊರಿಯರ್ ಆಫೀಸಿಗೆ ಫೋನ್ ಮಾಡಿದರೆ, ಬೇಡ ಅಂದರೆ ವಾಪಸ್ ದಾವಣಗೆರೆಗೆ ಕಳಿಸಿಬಿಡ್ತೀವಿ ಸಾರ್ ಅಂದರು. ಫೋನಿನಲ್ಲೇ ಕೈಮುಗಿದೆ. ಕೊನೆಗೆ, ನಾಳೆ ಒಂದು ಸಲ ಕಳಿಸ್ತೀವಿ, ಅದೇ ಕಡೇದು ಅಂದರು. ಮನೆಗೆ ಓಡಿದೆ.

ಆಗಿದ್ದು ಇಷ್ಟು. ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದಳು, ಮಗಳು ಆಫೀಸಿಗೆ. ಮನೆಯಲ್ಲಿ ಅತ್ತೆ ಒಬ್ಬರೇ. ಕೊರಿಯರಿನವನು ಬಂದು ಗೇಟು ತಟ್ಟಿದ್ದು ಸರಿಯಾಗಿ ರಾಹುಕಾಲದಲ್ಲಿ. ಮಗಳನ್ನ ನೋಡೋ ಶುಭಕಾರ್ಯಕ್ಕೆ ಬೇಕಾದ ವಸ್ತು ರಾಹುಕಾಲದಲ್ಲಿ ಹೊಸ್ತಿಲು ದಾಟೋದುಂಟೇ? ರಾಹುಕಾಲ ಕಳೆದ ಮೇಲೆ ಬಾ ಅಂತ ಹೇಳೋಣ ಅಂದರೆ ಬಾಯಿ ತೆಗೆಯೋ ಹಾಗಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆ ಗಡಿಯಾರದ ಕಡೆ ಕೈ ತೋರಿಸಿ, ಆಮೇಲೆ ಹೋಗು ಹೋಗು ಅಂತ ಕೈ ಬೀಸಿದರು. ಪಾಪ ಅವನಿಗೆ ಏನು ಅರ್ಥವಾಗಬೇಕು? ನಿಂತೇ ಇದ್ದ. ಆಗ ಅತ್ತೆ ಕೈಯಲ್ಲಿದ್ದ ಲೋಟದಿಂದ ಗೇಟಿನ ಕಂಬಿಯನ್ನ ಢಣಢಣ ಕುಟ್ಟಿದರಂತೆ. ಅವನು ಗಾಡಿಯನ್ನ ತಳ್ಳಿಕೊಂಡೇ ಓಡಿದನಂತೆ, ಸ್ಟಾರ್ಟ್ ಮಾಡೋಕೂ ನಿಲ್ಲಲಿಲ್ಲ. ಇದೆಲ್ಲ ಪಕ್ಕದ ಮನೆಯವರು ಹೇಳಿದ್ದು.

ನನಗೆ ಸಿಟ್ಟು ನೆತ್ತಿಗೇರಿತು. ಹೆದರಿ ಹೆದರಿ ಸಾಕಾಗಿತ್ತು. ಇವತ್ತು ಎರಡರಲ್ಲಿ ಒಂದು ಆಗೇಹೋಗಲಿ, ಕೇಳೇಬಿಡ್ತೀನಿ ಅಂತ ಅತ್ತೆಯ ಕೋಣೆಗೆ ನುಗ್ಗಿದೆ. ಅತ್ತೆ ನಿಧಾನವಾಗಿ ತಲೆಯೆತ್ತಿ ನೋಡಿದರು.

"ಕಾಫಿ ಬೇಕಾ ಅತ್ತೆ?" ಅಂತ ಕೇಳಿದೆ.

ಡೆಲಿವರ್ಡ್

ಶನಿವಾರ ಹೆಂಡತಿ ಬೆಳಗ್ಗೆಯಿಂದ ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಳು. ಹುರುಳಿಕಾಯಿ ಬಿಡಿಸಿದ್ದೂ ಅಲ್ಲೇ, ಹೂ ಕಟ್ಟಿದ್ದೂ ಅಲ್ಲೇ. ಒಂದು ನರಪಿಳ್ಳೆಯೂ ಬರಲಿಲ್ಲ. ಆದರೂ ಮಧ್ಯಾಹ್ನ ನನ್ನ ಫೋನು ಗುರ್ ಅಂದಿತು: 'ಡೆಲಿವರ್ಡ್. ನೆರೆಯವರಿಗೆ ಕೊಡಲಾಗಿದೆ.'

ಯಾವ ನೆರೆಯವರು? ಆಫೀಸಿಗೆ ಫೋನ್ ಮಾಡಿದರೆ, "ನಮ್ಮೋನು ನಿಮ್ಮ ಮನೆ ಬಾಗಿಲಿಗೆ ಬರಲ್ಲ ಅಂತ ಹಠ ಹಿಡಿದಿದ್ದ ಸಾರ್, ಅಲ್ಲೇ ಹತ್ತಿರದಲ್ಲಿ ಕೊಟ್ಟೆ ಅಂದ, ಈಗ ಫೋನ್ ಸ್ವಿಚ್ ಆಫ್" ಅಂದರು. ಅವನ ಮೇಲೆ ನನಗೆ ಕೋಪ ಬರಲಿಲ್ಲ. ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ.

ನಾನೂ ಹೆಂಡತಿಯೂ ಮನೆ ಮನೆ ತಟ್ಟಿದೆವು. ನಮ್ಮದೊಂದು ಪಾರ್ಸಲ್ಲು ಬಂತಾ ಅಂದರೆ ಎಲ್ಲರೂ ಕೇಳೋದು ಒಂದೇ, ಏನಿತ್ತು ಅದರಲ್ಲಿ? ನಾಳೆ ಹೆಣ್ಣು ನೋಡೋ ಶಾಸ್ತ್ರ, ಬೀದಿಯಲ್ಲಿ ಹಲ್ಲಿನ ಮಾತು ಎತ್ತೋ ಹಾಗಿಲ್ಲ. ದೇವರ ಸಾಮಾನು ಅಂದೆವು. ಬೀದಿಯ ಆ ಕೊನೆ ಮುಟ್ಟೋ ಹೊತ್ತಿಗೆ ಅದು ಬೆಳ್ಳಿ ದೀಪ ಆಗಿತ್ತು. ವಾಪಸ್ ಬರೋ ಹೊತ್ತಿಗೆ ಬಂಗಾರದ ವಿಗ್ರಹ ಆಗಿತ್ತು. ಎದುರುಮನೆಯವರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು, "ಪೊಲೀಸಿಗೆ ಹೇಳಬೇಡಿ ಸಾರ್, ಎಲ್ಲಿಂದ ಬಂತು ಅಂತ ಮೊದಲು ನಿಮ್ಮನ್ನೇ ಕೇಳ್ತಾರೆ."

ಇನ್ನು ನನ್ನ ಕೈಲಾಗಲ್ಲ ಅನ್ನಿಸಿತು. ನಾಳೆ ಮಗಳ ಮುಖ ಹೇಗೆ ನೋಡಲಿ? ಸಾಯಂಕಾಲ ಬೀದಿ ಮೂಲೆಯ ಅಮ್ಮನವರ ಗುಡಿಗೆ ಹೋದೆ. ಗರ್ಭಗುಡಿ ಮುಂದೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ತಾಯಿ, ಹೇಗಾದರೂ ಮಾಡಿ ಅತ್ತೆಯ ಹಲ್ಲು ತೋರಿಸು ಅಂತ ಬೇಡಿಕೊಂಡೆ. ಮುಚ್ಚಿದ ಕಣ್ಣಲ್ಲೇ ಅಡ್ಡಬಿದ್ದು, ತಲೆ ಬಗ್ಗಿಸಿಕೊಂಡು ಮನೆಗೆ ಬಂದೆ. ಇದನ್ನ ನೆನಪಿಟ್ಟುಕೊಳ್ಳಿ.

ಹರಕೆ

ಭಾನುವಾರ ಬಂದೇಬಿಟ್ಟಿತು. ಅತ್ತೆಗೆ ಜ್ವರ ಅಂತ ಹೇಳೋದಾ, ಊರಲ್ಲೇ ಇಲ್ಲ ಅಂತ ಹೇಳೋದಾ ಅಂತ ನಾನು ಇನ್ನೂ ಬಾಯಿಪಾಠ ಮಾಡ್ತಾ ಇದ್ದೆ, ಬಾಗಿಲಲ್ಲಿ ಕಾರು ನಿಂತಿತು. ಹುಡುಗ, ಅವನ ತಾಯಿ, ಅವನ ತಂದೆ. ತಂದೆಗೆ ಹಲ್ಲುನೋವಂತೆ, ಕೆನ್ನೆ ಊದಿಕೊಂಡಿತ್ತು, ಕರ್ಚೀಫು ಒತ್ತಿಕೊಂಡೇ ಇಳಿದರು.

ಹುಡುಗನ ತಾಯಿ ಹೊಸ್ತಿಲು ತುಳಿಯಲಿಲ್ಲ. "ಒಳಗೆ ಬರೋಕೆ ಮುಂಚೆ ನಿಮ್ಮ ಬೀದಿ ಅಮ್ಮನಿಗೆ ಹಣ್ಣುಕಾಯಿ ಮಾಡಿಸ್ಕೊಂಡು ಬರೋಣ, ನಡೀರಿ" ಅಂದರು. ಸದ್ಯ, ಸ್ವಲ್ಪ ಹೊತ್ತು ಸಿಕ್ಕಿತಲ್ಲ ಅಂತ ನಾನೇ ಮುಂದೆ ಮುಂದೆ ನಡೆದೆ.

ನಮ್ಮ ಗುಡಿಯಲ್ಲಿ ಒಂದು ಪದ್ಧತಿ ಇದೆ. ಕಣ್ಣು ವಾಸಿಯಾದವರು ಬೆಳ್ಳಿ ಕಣ್ಣು ಮಾಡಿಸಿ ಒಪ್ಪಿಸ್ತಾರೆ, ಕಾಲು ವಾಸಿಯಾದವರು ಬೆಳ್ಳಿ ಕಾಲು. ಅವೆಲ್ಲ ಅಮ್ಮನ ಪಾದದ ಹತ್ತಿರ ಒಂದು ತಟ್ಟೆಯಲ್ಲಿರುತ್ತವೆ. ಅವತ್ತು ಆ ತಟ್ಟೆಯ ನಟ್ಟನಡುವೆ, ಬೆಳ್ಳಿ ಕಣ್ಣುಗಳ ಮಧ್ಯೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಮೇಲೊಂದು ಕೆಂಪು ದಾಸವಾಳ ಇಟ್ಟುಕೊಂಡು, ನಮ್ಮತ್ತೆಯ ಹಲ್ಲಿನ ಸೆಟ್ಟು ಕೂತಿತ್ತು. ಹಿಂದಿನ ದಿನ ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆನಲ್ಲ, ಸರಿಯಾಗಿ ಅದರ ಎದುರಿಗೇ.

ಪೂಜಾರಿಗಳು ಹೆಮ್ಮೆಯಿಂದ ಹೇಳಿದರು. "ನೋಡಿ ತಾಯಿ, ಯಾರೋ ಭಕ್ತರು ಹಲ್ಲುನೋವು ವಾಸಿಯಾಯ್ತು ಅಂತ ಹರಕೆ ಕಳ್ಸಿದಾರೆ. ಕೊರಿಯರಿನೋನು ನಡುಗ್ತಾ ನಡುಗ್ತಾ ತಂದುಕೊಟ್ಟ. ದೇವರ ಸಾಮಾನು, ಅಮ್ಮನ ಗುಡಿ ಅಂತ ಡಬ್ಬದ ಮೇಲೇ ಬರ್ದಿತ್ತು. ಬಿಚ್ಚಿ ನೋಡಿದ್ರೆ ಇದು! ಬೆಳ್ಳೀದಲ್ಲ, ಆದ್ರೆ ಕೆಲಸ ಎಷ್ಟು ಅಚ್ಚುಕಟ್ಟು ನೋಡಿ."

ಹುಡುಗನ ತಾಯಿಯ ಕಣ್ಣಲ್ಲಿ ನೀರು ಬಂತು. "ರೀ, ಬನ್ನಿ ಇಲ್ಲಿ" ಅಂದವರೇ, ಪೂಜಾರಿಗಳ ಕೈಯಿಂದ ಸೆಟ್ಟನ್ನ ಇಸ್ಕೊಂಡು ಕಣ್ಣಿಗೆ ಒತ್ತಿಕೊಂಡು, ಆಮೇಲೆ ಗಂಡನ ಊದಿದ ಕೆನ್ನೆಗೆ ಒತ್ತಿ ಹಿಡಿದರು. ಇವರು ಇನ್ನೇನು ನಮ್ಮ ಬೀಗರಾಗಬೇಕಾದವರು. ಆ ಕೆನ್ನೆಗೆ ತಾಗಿದ್ದು ನಮ್ಮತ್ತೆಯ ಹಲ್ಲು ಅಂತ ಗೊತ್ತಾದರೆ ಸಂಬಂಧ ಅಲ್ಲಿಗೇ ಮುಗೀತು.

ಅವರು ಪ್ರದಕ್ಷಿಣೆಗೆ ಹೋದ ತಕ್ಷಣ ಪೂಜಾರಿಗಳ ಕಿವಿಯಲ್ಲಿ ಹೇಳಿದೆ, "ಸ್ವಾಮಿ, ಅದು ಹರಕೆಯಲ್ಲ, ನಮ್ಮತ್ತೇದು, ಕೊಟ್ಬಿಡಿ."

"ಅರ್ಚನೆ ಆಗಿದೆ. ಅಮ್ಮನ ಪಾದಕ್ಕೆ ಬಿದ್ದಿದ್ದು ಹಿಂದಕ್ಕೆ ಕೊಡೋ ಕ್ರಮ ಇಲ್ಲ."

"ಆಗಲಿ. ಹಾಗಂತ ನೀವೇ ಬಂದು ನಮ್ಮತ್ತೆಗೆ ಹೇಳಿಬಿಡಿ."

ಪೂಜಾರಿಗಳಿಗೆ ನಮ್ಮತ್ತೆಯ ಪರಿಚಯ ಚೆನ್ನಾಗಿತ್ತು. ಮುಖ ಬಿಳಿಚಿಕೊಂಡಿತು. ಅವಸರ ಅವಸರವಾಗಿ ಸೆಟ್ಟನ್ನ ಬಾಳೆ ಎಲೆಯಲ್ಲಿ ಸುತ್ತಿ ನನ್ನ ಜೇಬಿಗೆ ತುರುಕಿ, "ಪ್ರಸಾದ ಅಂತ ತಗೊಂಡು ಹೋಗಿ" ಅಂದರು.

ಮನೆಗೆ ಬಂದು ಹೆಂಡತಿಯ ಕೈಗೆ ದಾಟಿಸಿದೆ. ತೊಳೆಯೋಕೆ ಪುರುಸೊತ್ತೆಲ್ಲಿ? ಸೆರಗಿನಲ್ಲಿ ಒರೆಸಿ ಒಳಗೆ ಕೊಟ್ಟಳು. ಹಜಾರದಲ್ಲಿ ಕಾಫಿ ಬಂತು, ಮಗಳು ಬಂದು ಕೂತಳು. ಆಮೇಲೆ ರೇಷ್ಮೆ ಸೀರೆಯುಟ್ಟ ಅತ್ತೆ ಬಂದು, ನಡುವಿನ ಕುರ್ಚಿಯಲ್ಲಿ ಕೂತು, ವಾರವೆಲ್ಲ ಮುಚ್ಚಿದ್ದ ಬಾಯಿ ತೆರೆದು ನಕ್ಕರು. ಒಂದೊಂದು ಹಲ್ಲಿನ ಸಂದಿಯಲ್ಲೂ ಕುಂಕುಮ.

ಹುಡುಗನ ತಾಯಿಯ ಕಾಫಿ ಲೋಟ ಬಾಯಿ ಹತ್ತಿರವೇ ನಿಂತಿತು. ಹುಡುಗನ ತಂದೆಯ ಕೈ ಮೆಲ್ಲಗೆ ಕೆನ್ನೆಗೆ ಹೋಯ್ತು. ಮಗಳು ನನ್ನ ಮುಖ ನೋಡಿದಳು, ನಾನು ಫ್ಯಾನು ನೋಡಿದೆ. ಆಗ ಆ ಮನುಷ್ಯ ದವಡೆಯನ್ನ ಆ ಕಡೆ ಈ ಕಡೆ ಆಡಿಸಿ ನೋಡಿ, "ಏ, ನೋವು ಹೋಯ್ತು ಕಣೇ!" ಅಂದರ್ರೀ. ಹೆದರಿಕೆಗೆ ಹೋಯ್ತೋ, ಅಮ್ಮನೇ ಹೋಗಿಸಿದಳೋ, ನನಗೆ ಗೊತ್ತಿಲ್ಲ.

ಹುಡುಗನ ತಾಯಿ ಲೋಟ ಕೆಳಗಿಟ್ಟು, ಎದ್ದು ನಿಂತು, ಅತ್ತೆಗೆ ಎರಡೂ ಕೈ ಜೋಡಿಸಿದರು. "ಅಮ್ಮಾ, ನಾವು ಮಾತಾಡೋದು ಏನೂ ಇಲ್ಲ. ನಿಮ್ಮ ಬಾಯಲ್ಲಿ ಏನು ಬರುತ್ತೋ ಹಾಗೇ ಆಗ್ಲಿ." ಅವರಿಗೆ ಏನು ಅರ್ಥವಾಯ್ತು ಅಂತ ಇವತ್ತಿಗೂ ನಾನು ಕೇಳಿಲ್ಲ. ಅತ್ತೆ ಮುಹೂರ್ತ ಹೇಳಿದರು, ಛತ್ರ ಹೇಳಿದರು, ಊಟಕ್ಕೆ ಏನೇನು ಅಂತಲೂ ಹೇಳಿದರು. ಎಲ್ಲದಕ್ಕೂ ಗಂಡ ಹೆಂಡತಿ ಇಬ್ಬರೂ ಕೈಮುಗಿದು ಹ್ಞೂಂ ಅಂದರು. ಮಗಳು ಅಡುಗೆಮನೆಗೆ ಓಡಿಹೋಗಿ ಅವಳಮ್ಮನನ್ನ ತಬ್ಬಿಕೊಂಡಳು.

ಕಾರು ಹೋದಮೇಲೆ ಒಳಗಿಂದ ಲೋಟದ ಸದ್ದು ಬಂತು. ನಿಲ್ಲಲೇ ಇಲ್ಲ. ಹೋಗಿ ಕೈಕಟ್ಟಿ ನಿಂತೆ.

"ಅಳಿಯಂದಿರೇ, ಈ ಹಲ್ಲು ನಿನ್ನೆಯೇ ತಲುಪ್ತು ಅಂತ ನಿಮ್ಮ ಫೋನಿಗೆ ಬಂದಿತ್ತಂತೆ. ನನ್ನ ಕೈಗೆ ಬಂದಿದ್ದು ಈಗ. ಬಾಯಿ ತುಂಬ ಕುಂಕುಮ, ಕರ್ಪೂರದ ವಾಸನೆ. ಅಲ್ಲೀವರೆಗೂ ಎಲ್ಲಿತ್ತು ಇದು?"

ಹೆಂಡತಿ ಕಡೆ ನೋಡಿದೆ, ಅವಳು ಆಗಲೇ ಹಿತ್ತಲಿಗೆ ಹೋಗಿದ್ದಳು. ಆದರೆ ಇಷ್ಟು ವರ್ಷದ ನೌಕರಿ ಕೈಬಿಡಲಿಲ್ಲ ನೋಡಿ.

"ದಾರೀಲಿತ್ತು ಅತ್ತೆ" ಅಂದೆ.